ಹಗ್ಗ ಹಿಡಿದು ನೆಟ್ಟ ಕಾಂಡ್ಲ

ನಾನು ಶಿರಸಿಯಲ್ಲಿ ಲೆಕ್ಕಪತ್ರ ಬರೆಯುವವನು. ಯಾವುದಾದರೂ ಸಾಲು ಸೊಟ್ಟಗಿದ್ದರೆ ಕೈ ಸುಮ್ನಿರಲ್ಲ. 2016ರ ಜುಲೈಯಲ್ಲಿ ಕುಮಟಾ ಕಡೆ, ಅಘನಾಶಿನಿ ಹೊಳೆ ದಂಡೆಯ ಸೋದರಮಾವನ ಮನೆಗೆ ಹೋದಾಗಲೂ ಇದೇ ಬುದ್ಧಿ ತೋರಿಸಿದೆ.

ಮಾವನದು ಗಜನಿ ಗದ್ದೆ. ಭರತದ, ಅಂದರೆ ಸಮುದ್ರ ಉಕ್ಕುವ ಹೊತ್ತಿನ, ಉಪ್ಪುನೀರು ಹತ್ತಿ ಇಳಿಯುವ ತಗ್ಗು ನೆಲಕ್ಕೆ ಒಡ್ಡು ಹಾಕಿ ಮಾಡಿದ್ದು. ಆ ಒಡ್ಡನ್ನು ಹೊಳೆ ಕೊರೆಯುತ್ತಿತ್ತು. ಕಾಂಡ್ಲ ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ. ಅದರ ಬೇರು ಮಣ್ಣು ಹಿಡಿಯುತ್ತದೆ ಅಂತ ಓದಿದ್ದೆ. ಅಮಾವಾಸ್ಯೆ ದಿನ, ನೀರು ಪೂರ್ತಿ ಇಳಿದಾಗ, ಒಡ್ಡಿನಾಚೆಯ ಕೆಸರಿಗಿಳಿದು ಹಗ್ಗ ಕಟ್ಟಿದೆ. ಕಾಂಡ್ಲದಿಂದ ಉದುರುವ ಉದ್ದನೆಯ ಕೋಡುಗಳನ್ನು ತಂದು, ಮೂರು ಅಡಿಗೆ ಒಂದರಂತೆ 40 ಚುಚ್ಚಿದೆ. ಎಂಥಾ ಸಾಲು ಅಂತೀರಿ! ಫೋಟೋ ಈಗಲೂ ಇದೆ.

ಮಾವ ಒಡ್ಡಿನ ಮೇಲೆ ಕೂತು ಎಲೆಅಡಿಕೆ ಕವಳ ಹಾಕುತ್ತಾ ನೋಡಿದ. 'ಹೊಳೆಗೆ ನಿನ್ನ ಹಗ್ಗ ಕಾಣ್ತದ್ಯೇನೋ ತಮಾ?' ಅಂದ. ಅಷ್ಟೇ.

ದೀಪಾವಳಿಗೆ ಹೋದಾಗ ಉಳಿದದ್ದು 9. ಮರುವರ್ಷ ಒಂದೂ ಇರಲಿಲ್ಲ. ಕೆಲವನ್ನು ಏಡಿ ಕಡಿದಿತ್ತು. ಕೆಲವಕ್ಕೆ ದೋಣಿಯ ತಳಕ್ಕೆ ಅಂಟುತ್ತದಲ್ಲ, ಆ ಸುಣ್ಣದಂಥ ಚಿಪ್ಪು ಮೈತುಂಬಾ ಕೂತು ಭಾರಕ್ಕೆ ಬಾಗಿಸಿತ್ತು. ಆದರೆ ಮುಖ್ಯ ತಪ್ಪು ನನ್ನದೇ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಒಣಗಿ ಕಾಣುವ ಜಾಗ ಉಳಿದ ದಿನಗಳಲ್ಲಿ ನೀರೊಳಗೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಕಾಣುವ ನೆಲವನ್ನು ನಾನು ದಿನಾ ಇರುವ ನೆಲ ಅಂದುಕೊಂಡಿದ್ದೆ.

ಕಾಂಡ್ಲ ಹೀಗೆ ಒಂದೇ ದಿನ ನಂಬಿ ಕೂರುವುದಿಲ್ಲ. ನುಗ್ಗೆಕಾಯಿಯಂತೆ ಜೋತು ಬೀಳುತ್ತದಲ್ಲ, ಅದು ಕಾಯಲ್ಲ, ಸಸಿಯೇ. ಬೀಜ ಮರದ ಮೇಲೇ ಮೊಳೆತು, ಒಂದು-ಒಂದೂವರೆ ಅಡಿ ಬೆಳೆದು ಆಮೇಲೆ ಉದುರುತ್ತದೆ. ಇಳಿತದಲ್ಲಿ ನೆಟ್ಟಗೆ ಬಿದ್ದರೆ ತಾಯಿಯ ಬುಡದಲ್ಲೇ ಕೆಸರಿಗೆ ನಾಟಬಹುದು. ಭರತದಲ್ಲಿ ಬಿದ್ದರೆ ತೇಲಿಹೋಗುತ್ತದೆ. ಮೊದಮೊದಲು ಅಡ್ಡ ಮಲಗಿ ತೇಲುತ್ತದೆ. ದಿನ ಕಳೆದಂತೆ ನೀರು ಕುಡಿದು ಬುಡ ಭಾರವಾಗಿ, ನಿಧಾನಕ್ಕೆ ನಿಂತುಕೊಳ್ಳುತ್ತದೆ. ನಿಂತೇ ತೇಲುತ್ತಾ ಹೋಗಿ, ಬುಡ ತಾಗಿದ ಕಡೆ ಬೇರು ಬಿಡುತ್ತದೆ. ವಾರಗಟ್ಟಲೆ ತೇಲಿದರೂ ಜೀವ ಇರುತ್ತದೆ. ಮರ ಇವನ್ನೆಲ್ಲ ಒಂದೇ ದಿನ ಉದುರಿಸುವುದೂ ಇಲ್ಲ. ಅಮಾವಾಸ್ಯೆಗೆ ಕೆಲವು, ಅಷ್ಟಮಿಗೆ ಕೆಲವು, ಗಾಳಿ ಬಂದಾಗ ಇನ್ನಷ್ಟು. ಹೆಚ್ಚಿನವು ಸಾಯುತ್ತವೆ. ಎಲ್ಲಿ ಬದುಕುತ್ತದೆ ಅಂತ ಮರಕ್ಕೂ ಗೊತ್ತಿಲ್ಲ. ಆದರೆ ಎಲ್ಲಿಗೆ ಹೋದರೂ ಬೇರು ಬಿಡಲು ತಯಾರಿ ಮಾಡಿಯೇ ಕಳಿಸುತ್ತದೆ.

ಹಾಗೆ ಬಂದದ್ದೊಂದು ಮಾವನ ಗದ್ದೆಯ ಬಾಗಿಲ ಪಕ್ಕ ನಿಂತುಬಿಟ್ಟಿತು. ಬಾಗಿಲು ಅಂದರೆ ಗಜನಿಗೆ ನೀರು ಬಿಡಲು, ತಡೆಯಲು ಹಲಗೆ ಇಳಿಸುವ ಕಿಂಡಿ. ಯಾರೂ ನೆಟ್ಟಿದ್ದಲ್ಲ. ಯಾರಿಗೂ ಬೇಕಾದ ಜಾಗವೂ ಅಲ್ಲ, ಹಲಗೆ ಎತ್ತುವಾಗ ಕಾಲಿಗೆ ಅಡ್ಡ ಬರುತ್ತದೆ. ಮಾವ ಮೂರು ಸಲ ಕತ್ತಿ ಹಿಡಿದು ಹೋಗಿ ಮೂರು ಸಲವೂ ಹಾಗೇ ವಾಪಸ್ ಬಂದ. ಬುಡದಲ್ಲಿ ಸಿಗಡಿಮರಿ ಆಡುತ್ತಿದ್ದವಂತೆ.

ಮಾವ ಬೆಳೆಯುವುದು ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುತ್ತದೆ. ಜೂನ್ ಮಳೆ ಗದ್ದೆಯ ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ. ಮಳೆಗಾಲ ಮುಗಿದ ಮೇಲೆ ತೆನೆ ಮಾತ್ರ ಕೊಯ್ದು, ಬಾಗಿಲು ತೆಗೆದು ಉಪ್ಪುನೀರು ಬಿಡುತ್ತಾರೆ. ಕೊಳೆತ ಹುಲ್ಲು ಸಿಗಡಿ, ಮೀನಿಗೆ ಊಟ. ನೋಡಲು ಮಾತ್ರ ಕಗ್ಗದ ಗದ್ದೆ ಚಂದ ಅಲ್ಲ. ಒಂದು ಉದ್ದ, ಒಂದು ಗಿಡ್ಡ. ನನ್ನಂಥವನಿಗೆ ಕತ್ತರಿ ತರೋಣ ಅನಿಸುತ್ತದೆ.

2019ರಲ್ಲಿ ಒಂದು ಮೂಲೆಗೆ ಮಾವ ಪೇಟೆಯ ಬೀಜ ಹಾಕಿದ್ದ. ಸಮತಟ್ಟಾಗಿ, ಬಾಚಿದ ತಲೆಯಂತೆ ಬಂದಿತ್ತು. ಆಗಸ್ಟ್‌ನಲ್ಲಿ ನೆರೆ ಬಂತು. ಆ ಮೂಲೆ ಪೂರ್ತಿ ಕೊಳೆಯಿತು. ಕಗ್ಗವೂ ಬಿತ್ತು, ಆದರೆ ಎಲ್ಲ ಬೀಳಲಿಲ್ಲ. ಯಾವುದೋ ಒಂದಿಷ್ಟು ತಲೆ ಎತ್ತಿ ನಿಂತಿತು. ಮುಂದಿನ ವರ್ಷಕ್ಕೆ ಬೀಜ ಇಟ್ಟಿದ್ದು ಅದರದ್ದೇ. ಅವನ ಅಪ್ಪನೂ ಹೀಗೇ ಇಡುತ್ತಿದ್ದನಂತೆ. ಗದ್ದೆಗೆ ಬಿದ್ದ ನೆರೆಯೆಲ್ಲ ಆ ಕಣಜದಲ್ಲಿ ದಾಖಲಾಗಿದೆ, ನನ್ನ ಲೆಡ್ಜರಿಗಿಂತ ಸರಿಯಾಗಿ.

ಈ ಹೊಳೆಗೆ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಅಳಿವೆ ಹೆಚ್ಚುಕಮ್ಮಿ ಸಿಹಿ, ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪು. ಹೊರಗಿನವರಿಗೆ ಇದು ಕಷ್ಟದ ಬದುಕು ಅನಿಸಬಹುದು. ಪಕ್ಕದ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ, ಕರೆಂಟು ತೆಗೆದು ಬಿಟ್ಟ ಸಿಹಿನೀರು ವರ್ಷವಿಡೀ ಕೆಳಗೆ ಬರುತ್ತದೆ. ನೀರಿನ ಸಪ್ಪೆ ಹೋಗುವುದೇ ಇಲ್ಲ. ಅಲ್ಲಿ ಬಳಚು, ಅಂದರೆ ತಿನ್ನುವ ಕಪ್ಪೆಚಿಪ್ಪು, ತೀರಾ ಕಮ್ಮಿ. ಇಲ್ಲಿ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಹೆಕ್ಕುವವರು ಈಗಲೂ ಇದ್ದಾರೆ. ಮಳೆಗಾಲದಲ್ಲಿ ಇಲ್ಲೂ ಸಾಕಷ್ಟು ಸಾಯುತ್ತವೆ. ಉಪ್ಪು ಏರಿದ ಮೇಲೆ ಮತ್ತೆ ಮರಿ ಕೂರುತ್ತದೆ. ಹಂಗಂತ ಬಳಚಿನ ಸಾರು ತಿನ್ನುವಾಗ ಇಷ್ಟೆಲ್ಲ ಯೋಚನೆ ಬರಲ್ಲ ಬಿಡಿ.

ಕಳೆದ ಮಳೆಗಾಲದಲ್ಲಿ ಹೋದಾಗ ಬಾಗಿಲ ಪಕ್ಕದ ಕಾಂಡ್ಲ ಮಾವನಿಗಿಂತ ಎತ್ತರ ಇತ್ತು. ಸುತ್ತ ಊರುಗೋಲಿನಂಥ ಬೇರು. ಮೊದಲ ಸಲ ಕೋಡು ಬಿಟ್ಟಿತ್ತು. ಎಣಿಸತೊಡಗಿದೆ. ಇಪ್ಪತ್ತರವರೆಗೆ ಬರುವಾಗ ಒಂದು ಪಳಕ್ಕನೆ ನೀರಿಗೆ ಬಿತ್ತು, ಇಳಿತಕ್ಕೆ ಸಿಕ್ಕಿ ಅಡ್ಡ ಮಲಗಿ ಹೊರಟೇಬಿಟ್ಟಿತು. ಹಿಡಿಯಲು ಕೈ ಚಾಚಿದೆ.

ಒಡ್ಡಿನ ಮೇಲಿಂದ ಮಾವ ಕವಳ ಉಗಿದು ಕೇಳಿದ. 'ಹಗ್ಗ ತಂದಿದ್ಯೇನೋ ತಮಾ?'