ನಮ್ಮ ಮನೆಗೆ ನಾವೇ ನೆಂಟರು

ಮಂಗಳವಾರ, 11 ಮಾರ್ಚ್ 2025

ಬೆಳಿಗ್ಗೆ ಬ್ಯಾಗ್ ಇಡುವ ಮೊದಲೇ ಸರ್ ಕರೆದರು. ಮೇಜಿನ ಮೇಲೆ ನಮ್ಮ ವೆಬ್‌ಸೈಟುಗಳ ಬಗ್ಗೆ ನಾನೇ ಕಳಿಸಿದ್ದ ತಿಂಗಳ ವರದಿ. "ಜಾಹೀರಾತಿಗೆ ಇಷ್ಟು ಸುರಿದಿದ್ದೀವಿ, ಅದರಿಂದ ಬಂದ ಆರ್ಡರ್ ಬೆರಳೆಣಿಕೆಯಷ್ಟೂ ಇಲ್ವಲ್ಲಮ್ಮಾ. ನಿಲ್ಲಿಸಿಬಿಡೋಣ್ವಾ?" ಒಂದು ದಿನ ಟೈಮ್ ಕೊಡಿ ಸರ್ ಎಂದು ಎದ್ದು ಬಂದೆ.

ವರದಿಯನ್ನು ಮತ್ತೆ ತೆರೆದು ನೋಡಿದರೆ ನಾಚಿಕೆಯಾಯಿತು. ನಮ್ಮ ಅಂಗಡಿ ಸೈಟಿಗೆ ಅತಿ ಹೆಚ್ಚು ಗಿರಾಕಿಗಳನ್ನು ಕಳಿಸಿದ 'ರೆಫರಲ್', ಅಂದರೆ ಲಿಂಕ್ ಮೂಲಕ ಜನರನ್ನು ಕಳಿಸುವ ಹೊರಗಿನ ಸೈಟು, ನಮ್ಮದೇ ಮುಖ್ಯ ಸೈಟು! ಹಜಾರದಿಂದ ಒಳಕೋಣೆಗೆ ಹೋದವರನ್ನೆಲ್ಲ ಹೊಸ ನೆಂಟರು ಎಂದು ಬರೆದುಕೊಂಡ ಹಾಗೆ. ನಾಲ್ಕು ತಿಂಗಳಿಂದ ಇದೇ ಸಾಲು ಕಣ್ಣೆದುರಿಗೇ ಇತ್ತು. ನಾನು ಮೊತ್ತ ಮಾತ್ರ ನೋಡಿ ಕಳಿಸುತ್ತಿದ್ದೆ.

ನವೆಂಬರ್‌ವರೆಗೆ ಅಂಗಡಿ ಮುಖ್ಯ ಸೈಟಿನ ಸಬ್‌ಡೊಮೈನ್ (ಅದೇ ವಿಳಾಸದ ಒಂದು ಕವಲು) ಆಗಿತ್ತು. ಆಮೇಲೆ ಅದಕ್ಕೆ ಸ್ವಂತ ಡೊಮೈನ್, ಅಂದರೆ ಬೇರೆಯದೇ ವೆಬ್ ವಿಳಾಸ, ಕೊಟ್ಟೆವು. ಹೆಸರು ಚಂದ ಬಂತು, ಲೆಕ್ಕ ಹಾಳಾಯಿತು. ಬಂದವರ ಗುರುತಿಗೆಂದು ಬ್ರೌಸರ್‌ನಲ್ಲಿ ಕೂರುವ ಚಿಕ್ಕ ಚೀಟಿಯೇ ಕುಕಿ, ಅದು ತನ್ನನ್ನು ಇಟ್ಟ ಡೊಮೈನಿನ ಸೊತ್ತು. ಸಬ್‌ಡೊಮೈನ್‌ಗಳು ಒಂದೇ ಕುಕಿಯನ್ನು ಹಂಚಿಕೊಳ್ಳಬಹುದು. ಬೇರೆ ಡೊಮೈನಿಗೆ ಅದು ಕಾಣುವುದೇ ಇಲ್ಲ, ಎರಡಕ್ಕೂ ಒಬ್ಬನೇ ಯಜಮಾನ ಎನ್ನುವುದು ಬ್ರೌಸರ್‌ಗೆ ಬೇಕಾಗಿಯೂ ಇಲ್ಲ. ಹಾಗಾಗಿ ಜಾಹೀರಾತು ಒತ್ತಿ ಮುಖ್ಯ ಸೈಟಿಗೆ ಬಂದವನು ಅಂಗಡಿಗೆ ಕಾಲಿಟ್ಟ ಕೂಡಲೇ ಹೊಸ ಗುರುತು, ಹೊಸ ಸೆಷನ್ (ಹೊಸ ಭೇಟಿಯ ಲೆಕ್ಕ). ಆರ್ಡರ್‌ನ ಶ್ರೇಯಸ್ಸು ಜಾಹೀರಾತಿಗಲ್ಲ, ನಮ್ಮದೇ ಸೈಟಿಗೆ.

ಮದ್ದು ಗೊತ್ತಿದ್ದದ್ದೇ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿ (ಜಿಎ4) ಸೈಟಿನ ಡೇಟಾ ಸ್ಟ್ರೀಮ್ ತೆರೆದು, ಟ್ಯಾಗ್ (ಪುಟಗಳಲ್ಲಿ ಕೂತು ಲೆಕ್ಕ ಕಳಿಸುವ ಕೋಡ್) ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಸೈಟು, ಅಂಗಡಿ, ಸಹಾಯ ಸೈಟು, ಹೀಗೆ ನಮ್ಮ ಮೂರೂ ಡೊಮೈನ್ ಸೇರಿಸಿದೆ. ಹೀಗೆ ಸೇರಿಸಿದರೆ ಅವುಗಳ ನಡುವಿನ ಓಡಾಟ ರೆಫರಲ್ ಎಂದು ಲೆಕ್ಕಕ್ಕೆ ಬರುವುದೂ ನಿಲ್ಲುತ್ತದೆ. ಆದರೆ ಎಲ್ಲ ಸೈಟಿನಲ್ಲೂ ಒಂದೇ ಮೆಷರ್‌ಮೆಂಟ್ ಐಡಿ (ಲೆಕ್ಕ ಯಾವ ಸ್ಟ್ರೀಮಿಗೆ ಸೇರಬೇಕೆಂದು ಹೇಳುವ ಗುರುತು) ಇರಬೇಕು. ಸಹಾಯ ಸೈಟಿನಲ್ಲಿ ಯಾರೋ ಯಾವಾಗಲೋ ಬೇರೆ ಐಡಿ ಹಾಕಿದ್ದರು. ಅದನ್ನೂ ಬದಲಿಸಿದೆ.

ಪರೀಕ್ಷಿಸಲು ಮೇಲಿನ ಮೆನುವಿನಿಂದ ಅಂಗಡಿಗೆ ಹೋದೆ. ವಿಳಾಸದ ಕೊನೆಗೆ 'ಅಂಡರ್‌ಸ್ಕೋರ್ ಜಿಎಲ್' ಎಂಬ ಉದ್ದನೆಯ ಬಾಲ ಬಂತು. ಕುಕಿಯಲ್ಲಿದ್ದ ಗುರುತನ್ನು ಹೊಸ ಡೊಮೈನಿಗೆ ದಾಟಿಸುವುದು ಈ ಬಾಲದ ಕೆಲಸ. ಎರಡೂ ಕಡೆ ಕುಕಿ ತೆರೆದು ನೋಡಿದೆ, ಅಂಕೆಗಳು ಒಂದೇ. (ಈ ಬಾಲಕ್ಕೆ ಎರಡೇ ನಿಮಿಷ ಆಯುಸ್ಸು. ಇಲ್ಲದಿದ್ದರೆ ಒಬ್ಬರು ಆ ಲಿಂಕನ್ನು ಹತ್ತು ಜನಕ್ಕೆ ಕಳಿಸಿದಾಗ ಹತ್ತೂ ಜನ ಒಬ್ಬನೇ ಆಸಾಮಿ ಆಗಿಬಿಡುತ್ತಿದ್ದರು.)

ಮುಗಿಯಿತು ಎಂದು ಜಾಹೀರಾತಿನ ಪುಟದಲ್ಲಿರುವ 'ಈಗಲೇ ಕೊಳ್ಳಿ' ಗುಂಡಿ ಒತ್ತಿದೆ. ಬಾಲ ಇಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ!

ಮಧ್ಯಾಹ್ನವೆಲ್ಲ ಇದಕ್ಕೇ ಹೋಯಿತು. ಟ್ಯಾಗ್ ಸರಿ ಇದೆ, ಡೊಮೈನ್ ಪಟ್ಟಿ ಸರಿ ಇದೆ, ಕ್ಯಾಶ್ ಅಳಿಸಿದ್ದಾಯಿತು. ಕೊನೆಗೆ ಪಕ್ಕದ ಸೀಟಿನ ಹುಡುಗ ಬಗ್ಗಿ ನೋಡಿ, "ಮೇಡಂ, ಆ ಬಟನ್ ನೇರವಾಗಿ ಅಂಗಡಿಗೆ ಹೋಗಲ್ಲ, ರೀಡೈರೆಕ್ಟ್ ಆಗಿ ಹೋಗುತ್ತೆ" ಅಂದ. ಕ್ಲಿಕ್ ಎಣಿಸಲೆಂದು ಮುಖ್ಯ ಸೈಟಿನಲ್ಲೇ ಒಂದು ಚಿಕ್ಕ ವಿಳಾಸ ಮಾಡಿ, ಅಲ್ಲಿಂದ ಸರ್ವರ್ ಅಂಗಡಿಗೆ ತಳ್ಳುವಂತೆ ಇಟ್ಟಿದ್ದೆವು. ಟ್ಯಾಗ್ ನೋಡುವುದು ಲಿಂಕ್‌ನಲ್ಲಿ ಬರೆದಿರುವ ವಿಳಾಸವನ್ನು. ಅದು ನಮ್ಮದೇ ಡೊಮೈನ್, ಅಂದಮೇಲೆ ಬಾಲ ಕಟ್ಟುವ ಗೋಜೇಕೆ? ಆಮೇಲೆ ಸರ್ವರ್ ಎಲ್ಲಿಗೆ ತಳ್ಳಿದರೂ ಟ್ಯಾಗಿಗೆ ಗೊತ್ತಾಗುವುದಿಲ್ಲ. ದುಡ್ಡು ಸುರಿದಿದ್ದ ಆ ಒಂದೇ ಪುಟದಲ್ಲಿ ದಾರಿ ಕಡಿದಿತ್ತು. ಎಣಿಸಲು ಮಾಡಿದ ಉಪಾಯವೇ ಎಣಿಕೆ ಕೆಡಿಸಿತ್ತು.

ಗುಂಡಿಗೆ ಅಂಗಡಿಯ ವಿಳಾಸವನ್ನೇ ಕೊಟ್ಟೆವು. ಬಾಲ ಬಂತು. ಹುಡುಗ ನಕ್ಕ, ನಾನು ನಗಲಿಲ್ಲ. ಆ ಉಪಾಯ ಸೂಚಿಸಿದವಳು ನಾನೇ.

ಇಷ್ಟಾದರೂ ವರದಿಯಲ್ಲಿ 'ಬಳಕೆದಾರರು' ಎಂದಿರುವುದನ್ನು ಮನುಷ್ಯರ ತಲೆಯೆಣಿಕೆ ಎಂದು ನಾನು ಓದುವುದಿಲ್ಲ. ಆಪಲ್‌ನ ಸಫಾರಿ ಬ್ರೌಸರ್ 2019ರಿಂದ, ಪುಟದೊಳಗಿನ ಸ್ಕ್ರಿಪ್ಟ್ (ಕೋಡ್) ಇಟ್ಟ ಕುಕಿಗೆ 7 ದಿನದ ಗಡುವು ಹಾಕಿದೆ. ಹತ್ತು ದಿನ ಬಿಟ್ಟು ಬಂದವರು ಮತ್ತೆ ಹೊಸಬರು. ಒಬ್ಬರೇ ಫೋನಿನಲ್ಲಿ ನೋಡಿ ಲ್ಯಾಪ್‌ಟಾಪಿನಲ್ಲಿ ಕೊಂಡರೆ ಇಬ್ಬರು, ಎರಡರಲ್ಲೂ ಲಾಗಿನ್ ಆಗಿದ್ದು ನಾವು ಅವರ ಖಾತೆಯ ಗುರುತನ್ನು (ಯೂಸರ್ ಐಡಿ) ಜಿಎ4ಗೆ ಕಳಿಸಿದರೆ ಮಾತ್ರ ಒಬ್ಬರು. ಕುಕಿ ಬೇಡ ಎಂದವರನ್ನು ಹಿಂಬಾಲಿಸುವ ಹಕ್ಕು ನಮಗಿಲ್ಲ, ಇರಲೂ ಬಾರದು. ಆದರೆ ಮುಖ್ಯ ಸೈಟಿನಲ್ಲಿ ಬೇಡ ಎಂದವರನ್ನು ಅಂಗಡಿ ಸೈಟು ಮತ್ತೆ ಕೇಳುತ್ತಿದೆ. ಆ ಉತ್ತರವೂ ಡೊಮೈನ್ ದಾಟುವುದಿಲ್ಲವಲ್ಲ. ಅದನ್ನು ಸರಿಪಡಿಸುವುದು ಉಳಿದಿದೆ.

ಸಂಜೆ ಸರ್‌ಗೆ ಹೇಳಿದೆ: ಜಾಹೀರಾತು ನಿಲ್ಲಿಸುವ ಮಾತು ಒಂದು ತಿಂಗಳು ಬೇಡ. ಹಳೆಯ ನಾಲ್ಕು ತಿಂಗಳ ಲೆಕ್ಕ ಹಿಂದಕ್ಕೆ ಹೋಗಿ ಸರಿಯಾಗುವುದಿಲ್ಲ, ಇವತ್ತಿನ ತಾರೀಖಿಗೆ ಗೆರೆ ಎಳೆದು ಮುಂದಿನದನ್ನು ನೋಡೋಣ. ಒಪ್ಪಿದರು.

ಒಂದು ಮಾತು ಹೇಳುವ ಧೈರ್ಯ ಬರಲಿಲ್ಲ. ಇಬ್ಬರೆಂದು ಎಣಿಸುತ್ತಿದ್ದವರು ಇನ್ನು ಒಬ್ಬರಾಗುವುದರಿಂದ, ಮುಂದಿನ ವರದಿಯಲ್ಲಿ ಒಟ್ಟು ಬಳಕೆದಾರರ ಸಂಖ್ಯೆ ಇಳಿದೇ ಇಳಿಯುತ್ತದೆ. "ಜನ ಎಲ್ಲಿ ಹೋದರಮ್ಮಾ?" ಎಂದು ಕೇಳಿಯೇ ಕೇಳುತ್ತಾರೆ. ಬೆಳಿಗ್ಗೆ ಅವರಾಗಿ ಕರೆಯುವ ಮುಂಚೆ ನಾನೇ ಹೋಗಬೇಕು.