ಆಶ್‌ನ ಕೊನೆ ಕಂತು

ಡೊಂಬಿವಲಿಯ ನಮ್ಮನೇಲಿ ಊಟದ ಹೊತ್ತಿಗೆ ‘ಆಶ್ ವರ್ಸಸ್ ಈವಿಲ್ ಡೆಡ್’ ಅನ್ನೋ ಅಮೆರಿಕದ ಹಾರರ್-ಕಾಮಿಡಿ ಸರಣಿ ಹಾಕಬಾರದು. ದೆವ್ವ ಹೊಡೆಯೋ ಆಶ್ ಆಗಿ ನಟ ಬ್ರೂಸ್ ಕ್ಯಾಂಪ್‌ಬೆಲ್ ಮೋಟುಗೈಗೆ ಗರಗಸ ಸಿಕ್ಕಿಸಿದ್ದೇ ತಡ, ಟೀವಿ ತುಂಬಾ ರಕ್ತದ ಓಕುಳಿ. ಅತ್ತೆ ಅನ್ನ-ಸಾರಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅಲ್ಲಿಂದ ನಗು ಮಾತ್ರ ಕೇಳ್ತಾ ಇತ್ತು!

2015ರಿಂದ 2018, ಮೂರು ಸೀಸನ್, ತಲಾ ಹತ್ತು ಕಂತು. ಅರ್ಧ ಗಂಟೆಯಲ್ಲೇ ಹೆದರಿಸಿ ನಗಿಸಬೇಕು, ಹಾಗಾಗಿ ಎಳೆದಾಟ ಇಲ್ಲ. ನನ್ನ ತಕರಾರು ಎರಡನೇ ಸೀಸನ್ನಿನ ಕೊನೆಯ ಬಗ್ಗೆ: ಊರವರೆಲ್ಲ ಸೇರಿ ಆಶ್‌ಗೆ ಜೈಕಾರ. ಅವನಿಗೆ ಸನ್ಮಾನವೇ? ಮೂರನೆಯದು ವಾಸಿ. ಕಣ್ಣು ಬಿಟ್ಟರೆ ಹಾಳುಬಿದ್ದ ಭವಿಷ್ಯ, ಮತ್ತೆ ದೆವ್ವ ಹೊಡೆಯೋ ಕೆಲಸ. ಕಾರು ಹತ್ತಿ ಹೊರಟ. ಸರಣಿ ಅಲ್ಲಿಗೇ ರದ್ದು. ಅರ್ಧಕ್ಕೇ ನಿಂತಿತು ಅಂತ ಜನ ಬೈದರೂ ಆಶ್‌ನಂಥ ಆಸಾಮಿಗೆ ಇದೇ ಸರಿ ಅನ್ನಿಸ್ತು.