ರಿಬಲ್‌ಹೆಡ್ ಕಲ್ಲು ಸೇತುವೆ: ದಾಟಿ ಹೋಗಬೇಡಿ, ಇಳಿದು ನೋಡಿ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ರಿಬಲ್‌ಹೆಡ್ ಸೇತುವೆಯನ್ನು ಮೊದಲ ಸಲ ನಾವು ರೈಲಿನಲ್ಲಿ ಕೂತೇ ದಾಟಿದ್ದೆವು. ಕೂತಲ್ಲಿಂದ ಸೇತುವೆ ಸರಿಯಾಗಿ ಕಾಣಲೇ ಇಲ್ಲ. ಕಾಲಡಿ ಇರುವುದು ಹೇಗೆ ಕಾಣುತ್ತೆ, ಅಲ್ವಾ? ಹಾಗಾಗಿ ಎರಡನೇ ಸಲ ರಿಬಲ್‌ಹೆಡ್ ಸ್ಟೇಷನ್ನಿನಲ್ಲೇ ಇಳಿದೆವು.

ಲೀಡ್ಸ್‌ನಿಂದ ಕಾರ್ಲೈಲ್ ರೈಲು ಹತ್ತಿದರೆ ಸುಮಾರು ಒಂದೂಕಾಲು ಗಂಟೆ. ದಿನಕ್ಕೆ ರೈಲು ಕಡಿಮೆ. ವಾಪಸ್ ರೈಲಿನ ಸಮಯ ಮೊದಲೇ ನೋಡಿಕೊಳ್ಳಿ. ಬೇಸಿಗೆಯಾದರೂ ಗಾಳಿ ಜೋರು, ಮಳೆ ಯಾವಾಗ ಬೇಕಾದರೂ ಬರುತ್ತೆ. ಜರ್ಕಿನ್ ಇರಲಿ, ನೀರು ಹೋಗದ ಶೂ ಇರಲಿ. ಸ್ಟೇಷನ್ನಿನಿಂದ ಸೇತುವೆಯ ಬುಡಕ್ಕೆ ನಡೆದೇ ಹೋಗಬಹುದು. ಮೇಲೆ ಹತ್ತುವಂತಿಲ್ಲ, ಅಲ್ಲಿ ಈಗಲೂ ರೈಲು ಓಡುತ್ತದೆ.

ಬಹಳ ಜನ ದೂರದಿಂದ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಕಂಬದ ಹತ್ತಿರ ಹೋಗಿ ಕಲ್ಲಿನ ಮೇಲೆ ಕೈಯಿಡಿ. ನಮ್ಮೂರ ಕಡೆ ಸೈಜುಗಲ್ಲು ಒಡೆಯುವುದನ್ನು ನೋಡಿದವರಿಗೆ ಆ ಕೆಲಸ ತಕ್ಷಣ ಗೊತ್ತಾಗುತ್ತೆ. ಮುಖ ಒರಟಾಗಿಯೇ ಬಿಟ್ಟಿದ್ದಾರೆ, ಆದರೆ ಕಲ್ಲಿಗೆ ಕಲ್ಲು ಕೂಡುವ ಅಂಚು ನೇರವಾಗಿದೆ. ತಲೆಯೆತ್ತಿ ನೋಡಿದರೆ ಕಮಾನಿನ ಒಳಮೈ ಇಟ್ಟಿಗೆಯದು. ಕಂಬ ಕಲ್ಲಿನದು, ಕಮಾನು ಇಟ್ಟಿಗೆಯದು. ಇಟ್ಟಿಗೆಯನ್ನು ಅಲ್ಲೇ ಸುಟ್ಟರು.

ಒಟ್ಟು 24 ಕಮಾನು, ಉದ್ದ 400 ಮೀಟರ್, ಎತ್ತರ 32 ಮೀಟರ್. ಕಂಬಗಳನ್ನು ಎಣಿಸುತ್ತಾ ಹೋಗಿ. ಪ್ರತಿ ಆರನೆಯದು ಉಳಿದವಕ್ಕಿಂತ ದಪ್ಪ. ಎಲ್ಲಾದರೂ ಒಂದು ಕಂಬ ಬಿದ್ದರೆ ಸಾಲಾಗಿ ಎಲ್ಲವೂ ಬೀಳದೆ ಆ ದಪ್ಪ ಕಂಬದ ಹತ್ತಿರವೇ ನಿಲ್ಲಲಿ ಅಂತ. ಈ ರೈಲು ದಾರಿ ಕಟ್ಟಿಸಿದ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯ ಎಂಜಿನಿಯರ್ ಜಾನ್ ಕ್ರಾಸ್ಲಿಯ ಯೋಜನೆ ಇದು. ಮೊದಲ ಕಲ್ಲು ಇಟ್ಟದ್ದು 1870ರಲ್ಲಿ, ಕೊನೆಯದು 1874ರಲ್ಲಿ. ಜೌಗು ನೆಲ ಅಗೆದು, ಬಂಡೆ ಸಿಕ್ಕ ಮೇಲೆಯೇ ಪಾಯ ಹಾಕಿದರು. ಹಿಮ ಕಟ್ಟಿದಾಗ ಸುಣ್ಣದ ಗಾರೆ ಹಿಡಿಯುವುದಿಲ್ಲ, ಆಗ ಕಲ್ಲುಕೆಲಸ ನಿಲ್ಲುತ್ತಿತ್ತು.

ಸೇತುವೆಯ ಸುತ್ತಲಿನ ಬಯಲನ್ನು ಸುಮ್ನೆ ದಾಟಿಬಿಡಬೇಡಿ. ಕೆಲಸಗಾರರ ಗುಡಿಸಲುಗಳಿದ್ದದ್ದು ಅಲ್ಲೇ. ಹೆಂಡತಿ ಮಕ್ಕಳೂ ಜೊತೆಗಿದ್ದರು. ಸೆಬಾಸ್ಟೊಪೋಲ್, ಜೆರಿಕೋ ಅಂತ ಕೇರಿಗಳಿಗೆ ಹೆಸರಿಟ್ಟುಕೊಂಡಿದ್ದರು. ಈಗ ಹುಲ್ಲಿನಡಿ ದಿಬ್ಬಗಳಷ್ಟೇ ಉಳಿದಿವೆ. ನೋಡುತ್ತಾ ನಿಂತಾಗ ನನಗೆ ಸೇತುವೆಗಿಂತ ಈ ದಿಬ್ಬಗಳೇ ಜಾಸ್ತಿ ಕಾಡಿದವು.

ಸಮಯವಿದ್ದರೆ ಎರಡು ಮೈಲಿ ದೂರದ ಚಾಪೆಲ್-ಲಿ-ಡೇಲ್‌ನ ಪುಟ್ಟ ಚರ್ಚಿಗೂ ಹೋಗಿ. ರಸ್ತೆಯಲ್ಲಿ ಕಾರುಗಳು ವೇಗವಾಗಿ ಬರುತ್ತವೆ, ಮಕ್ಕಳ ಕೈ ಬಿಡಬೇಡಿ. ರೈಲು ದಾರಿ ಕಟ್ಟುವ ಕಾಲದಲ್ಲಿ ಅಪಘಾತ, ಸಿಡುಬು ಅಂತ ಸತ್ತ 200ಕ್ಕೂ ಹೆಚ್ಚು ಜನರನ್ನು ಆ ಚರ್ಚಿನಲ್ಲಿ ಮಣ್ಣು ಮಾಡಿದ್ದಾರೆ. ಅವರಲ್ಲಿ ಮಕ್ಕಳೂ ಇದ್ದಾರೆ. ಒಳಗೆ ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ. ಕೆಲಸದಲ್ಲಿ ಪ್ರಾಣ ಬಿಟ್ಟವರ ನೆನಪಿಗೆ ಹಾಕಿಸಿದ್ದು. ಅದರ ಖರ್ಚನ್ನು ಕಂಪನಿಯ ಜೊತೆ ಯಾರು ಹಂಚಿಕೊಂಡರು ಅಂತಲೂ ಅದರಲ್ಲೇ ಕೆತ್ತಿದ್ದಾರೆ: ಜೊತೆಯಲ್ಲಿ ದುಡಿದ ಕೆಲಸಗಾರರು.